ಹಳೆಯ ಕಣ್ಣಿಗೆ ಹೊಸ ಒಡಲು

ಬೆಂಗಳೂರು ದಂಡಿನ ಪುಲಕೇಶಿನಗರವನ್ನೂ ಕುಕ್ ಟೌನನ್ನೂ ಹಿಂದೆ ಬಿಟ್ಟು, ರೈಲು ಹಳಿಗಳ ಮೇಲಿನ ಸೇತುವೆಯನ್ನು ಇಳಿದರೆ ಲಿಂಗರಾಜಪುರ. ಅಲ್ಲಿಯ ಒಂದು ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು. ವಾಚಕರು ಆ ಮನೆಯನ್ನು ಹುಡುಕಿಕೊಂಡು ಹೊರಡಬೇಕಾಗಿಲ್ಲ. ಅದು ಈ ಬರಹದ ಅನುಕೂಲಕ್ಕಾಗಿ ಕಟ್ಟಿದ ಮನೆ. ಅಲ್ಲಿ ವಾಸಿಸುವವರೂ ಹಾಗೆಯೇ. ಆದರೆ ಅಂತಹ ಟ್ರಂಕು ಕಲ್ಪನೆಯದಲ್ಲ. ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಯಾವ ಮನೆಯ ಅಟ್ಟದ ಮೇಲೆ ಬೇಕಾದರೂ ಅದು ಇದ್ದೀತು.

ತಾತ ತೀರಿಕೊಂಡು ವರ್ಷವಾಗಿದೆ. ಮನೆಗೆ ಸುಣ್ಣಬಣ್ಣ ಮಾಡಿಸಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದಾರೆ. ಟ್ರಂಕಿನಲ್ಲಿ ಹಳೆಯ ವೇತನ ಚೀಟಿಗಳು, ಒಂದು ಕಾರ್ಖಾನೆಯ ಬಿಲ್ಲೆ, ಕೆಳಗೆ ಚರ್ಮದ ಚೀಲವೊಂದರಲ್ಲಿ ಇಟ್ಟಿಗೆಯಷ್ಟು ಭಾರವಾದ ಒಂದು ಕ್ಯಾಮರಾ. ಸೋವಿಯತ್ ದೇಶದ ಜೆನಿತ್-ಈ. ಶಟರಿನ ಕಪ್ಪು ಪರದೆಯಲ್ಲಿ ಸೂಜಿತೂತುಗಳು. ಬೆಳಕನ್ನು ಅಳೆಯುವ ಸೆಲೆನಿಯಂ ಕೋಶ ಸತ್ತಿದೆ. ಗುಂಡಿ ಒತ್ತಿದರೆ ಕನ್ನಡಿ ಮೇಲೇರಿ ಅಲ್ಲಿಯೇ ನಿಂತುಬಿಡುತ್ತದೆ. “ಹಳೇ ಸಾಮಾನಿನವನು ಬಂದಾಗ ಹಾಕಿಬಿಡೋಣ” ಎನ್ನುತ್ತಾಳೆ ತಾಯಿ. ಮೊಮ್ಮಗಳು ಮುಂದಿನ ಲೆನ್ಸನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾಳೆ. ಅದು ತಿರುಪಿನಂತೆ ಬಿಚ್ಚಿಕೊಂಡು ಅಂಗೈಗೆ ಬರುತ್ತದೆ. ಕಿಟಕಿಯ ಕಡೆಗೆ ಹಿಡಿದು ನೋಡಿದರೆ ಒಳಗೆ ನೀಲಿಯೂ ನೇರಿಳೆಯೂ ಬೆರೆತ ಹೊಳಪು. ಆ ಹೊಳಪಿನ ನಡುವೆ ತಲೆಕೆಳಗಾದ ಪುಟ್ಟ ಬೀದಿ, ಪುಟ್ಟ ಆಕಾಶ.

ಗೋಡೆಯ ಮೇಲೆ ಒಂದು ಕಪ್ಪುಬಿಳುಪಿನ ಫೋಟೋ ಇದೆ. 1979ರಲ್ಲಿ ಹಲಸೂರು ಕೆರೆಯ ದಂಡೆಯ ಮೇಲೆ ತೆಗೆದದ್ದು. ಅದರಲ್ಲಿ ಅಜ್ಜಿಗೆ ಇಪ್ಪತ್ತಾರು ವರ್ಷ. ಆಕೆಯನ್ನು ಅಂದು ನೋಡಿದ್ದು ಇದೇ ಗಾಜು.

ಇದನ್ನು ಮತ್ತೆ ನೋಡುವಂತೆ ಮಾಡಲು ಸಾಧ್ಯವೆ? ಕ್ಯಾಮರಾ ಸತ್ತರೆ ಅದರ ಕಣ್ಣೂ ಸಾಯಬೇಕೆ? ಸಾಯಬೇಕಾಗಿಲ್ಲ. ಲೆನ್ಸಿಗೆ ಫಿಲ್ಮು ಯಾವುದು, ಕ್ಯಾಮರಾ ಯಾವುದು ಎಂಬುದು ತಿಳಿಯದು. ಅದು ಕೇಳುವುದು ಒಂದನ್ನೇ: ತನ್ನ ಬೆನ್ನಿನಿಂದ ಚಿತ್ರ ಬೀಳುವ ಜಾಗದವರೆಗೆ ಇರಬೇಕಾದ ನಿರ್ದಿಷ್ಟ ದೂರ.

ಸೂರ್ಯ, ಗುರು ಮತ್ತು ಶಾಂತಿ

ಆ ಲೆನ್ಸಿನ ಮುಂಬದಿಯ ಉಂಗುರದ ಮೇಲೆ ರಷ್ಯನ್ ಲಿಪಿಯಲ್ಲಿ ಕೆತ್ತಿರುವ ಹೆಸರು ‘ಹೀಲಿಯಾಸ್-44-2’. ಹೀಲಿಯಾಸ್ ಎಂದರೆ ಗ್ರೀಕರ ಸೂರ್ಯದೇವ. ಸೋವಿಯತ್ ಲೆನ್ಸುಗಳಿಗೆ ಹೆಸರಿಟ್ಟವರು ಯಾರೋ ರಸಿಕರೇ ಇರಬೇಕು. ಜ್ಯೂಪಿಟರ್ ಎಂದರೆ ನಮ್ಮ ಗುರುಗ್ರಹ. ತಾಯರ್ ಎಂಬುದು ಶ್ರವಣ ನಕ್ಷತ್ರದ ಹೆಸರಿನಿಂದ ಬಂದದ್ದು. ಮೀರ್ ಎಂದರೆ ರಷ್ಯನ್ ಭಾಷೆಯಲ್ಲಿ ಶಾಂತಿಯೂ ಹೌದು, ಪ್ರಪಂಚವೂ ಹೌದು. ಈ ಮೀರ್-1 ಲೆನ್ಸು 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಮಹಾಬಹುಮಾನ ಪಡೆಯಿತು. ತಯಾರಕರು ಆ ಹೆಮ್ಮೆಯನ್ನು ಲೆನ್ಸಿನ ಮೇಲೆಯೇ ಕೆತ್ತಿ ಮಾರಿದರು. ಹೆಸರಿನ ಪಕ್ಕದಲ್ಲಿರುವ ಸಂಖ್ಯೆಯ ಮೊದಲ ಎರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಹೇಳುತ್ತವೆ. ತಾತನ ಲೆನ್ಸಿನ ಸಂಖ್ಯೆ 77ರಿಂದ ಆರಂಭವಾಗುತ್ತದೆ. ಅದು 1977ರ ಕೂಸು.

ಹುಟ್ಟಿದ್ದು ಮಾಸ್ಕೋ ಬಳಿಯ ಕ್ರಾಸ್ನಗೋರ್ಸ್ಕ್ ಯಂತ್ರಾಗಾರದ ವಿನ್ಯಾಸದಲ್ಲಾದರೂ ಇದರ ವಂಶದ ಮೂಲ ಜರ್ಮನಿಯಲ್ಲಿದೆ. ಯೇನಾ ನಗರದ ಕಾರ್ಲ್ ಜೈಸ್ ಕಾರ್ಖಾನೆಯಲ್ಲಿ ವಿಲ್ಲಿ ಮೆರ್ಟೆ ಎಂಬ ಗಣಿತಜ್ಞ 1920ರ ದಶಕದಲ್ಲಿ ಲೆಕ್ಕ ಹಾಕಿದ ‘ಬಿಯೊಟಾರ್’ ಎಂಬ ಲೆನ್ಸೇ ಇದರ ಪೂರ್ವಜ. ಆರು ಗಾಜುಗಳು, ನಾಲ್ಕು ಗುಂಪು, 58 ಮಿಲಿಮೀಟರು ನಾಭಿದೂರ. 1945ರಲ್ಲಿ ಯುದ್ಧ ಮುಗಿದಾಗ ಯೇನಾ ಮೊದಲು ಅಮೆರಿಕನ್ನರ ಕೈಗೆ ಬಂದಿತು. ಅವರು ಕೆಲವು ತಜ್ಞರನ್ನು ತಮ್ಮೊಡನೆ ಪಶ್ಚಿಮಕ್ಕೆ ಕರೆದೊಯ್ದ ಮೇಲೆ ಅದೇ ವರ್ಷದ ಜುಲೈಯಲ್ಲಿ ರಷ್ಯನ್ನರ ವಶವಾಯಿತು. ಯುದ್ಧಪರಿಹಾರವೆಂದು ಯಂತ್ರಗಳೂ ನಕ್ಷೆಗಳೂ ಗಾಜೂ ಪೂರ್ವಕ್ಕೆ ಹೊರಟವು. ಜರ್ಮನಿಯ ಕಾಂಟಾಕ್ಸ್ ಕ್ಯಾಮರಾ ಕೀವ್ ನಗರದಲ್ಲಿ ‘ಕೀವ್’ ಎಂಬ ಹೆಸರಿನಿಂದ ಪುನರ್ಜನ್ಮ ತಾಳಿತು. ಸೊನ್ನಾರ್ ಎಂಬ ಲೆನ್ಸು ಜ್ಯೂಪಿಟರ್ ಆಯಿತು. ಬಿಯೊಟಾರ್ ಹೀಲಿಯಾಸ್ ಆಯಿತು.

ನಕಲು ಎಂದು ಮೂಗು ಮುರಿಯುವವರಿಗೆ ಇನ್ನೊಂದು ಕತೆಯನ್ನೂ ಹೇಳಬೇಕು. ಯುದ್ಧಕ್ಕೆ ಬಹಳ ಮೊದಲೇ, 1934ರಲ್ಲಿ, ಖಾರ್ಕೋವ್ ನಗರದಲ್ಲಿ ‘ಫೆಡ್’ ಎಂಬ ಕ್ಯಾಮರಾ ತಯಾರಾಗತೊಡಗಿತು. ಅದೂ ಜರ್ಮನಿಯ ಲೈಕಾದ ಪ್ರತಿರೂಪವೇ. ಆದರೆ ತಯಾರಿಸಿದವರು ಯಾರು? ಅಂತರ್ಯುದ್ಧ ಮತ್ತು ಕ್ಷಾಮಗಳಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಬೀದಿಪಾಲಾಗಿದ್ದ ಹುಡುಗ ಹುಡುಗಿಯರು! ಶಿಕ್ಷಣತಜ್ಞ ಆಂಟನ್ ಮಕರೆಂಕೊ ನಡೆಸಿದ ಶ್ರಮಸಮುದಾಯದಲ್ಲಿ ಅವರು ಓದುತ್ತಲೇ ಕೆಲಸ ಕಲಿತರು. ಆ ಸಮುದಾಯಕ್ಕೆ ಫೆಲಿಕ್ಸ್ ಎದ್ಮುಂದೊವಿಚ್ ಜೆರ್ಜಿನ್‌ಸ್ಕಿಯ ಹೆಸರಿತ್ತು. ಆ ಹೆಸರಿನ ಮೂರು ಮೊದಲಕ್ಷರಗಳೇ ಫೆಡ್. ಜೆರ್ಜಿನ್‌ಸ್ಕಿ ಸೋವಿಯತ್ ಗುಪ್ತ ಪೊಲೀಸ್ ದಳವನ್ನು ಕಟ್ಟಿದವನು. ಅನಾಥ ಮಕ್ಕಳು ಮಾಡಿದ ಕ್ಯಾಮರಾಕ್ಕೆ ಅಂಥವನ ಹೆಸರು! ಇತಿಹಾಸ ಇಂತಹ ವಿನೋದಗಳನ್ನು ಆಗಾಗ ಮಾಡುವುದುಂಟು.

ಈ ಗಾಜು ಬೆಂಗಳೂರಿಗೆ ಬಂದುದು ಹೇಗೆ? ಅಂದಿನ ಭಾರತದಲ್ಲಿ ಹೊರದೇಶದ ಕ್ಯಾಮರಾ ಕೊಳ್ಳುವುದೆಂದರೆ ಸಾಮಾನ್ಯರ ಮಾತಾಗಿರಲಿಲ್ಲ. ಆಮದಿನ ಮೇಲೆ ಬಿಗಿಯಾದ ನಿರ್ಬಂಧ, ಅದರ ಮೇಲೆ ಸುಂಕ. ಆದರೆ ಸೋವಿಯತ್ ದೇಶದೊಡನೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿತ್ತು. ಭಿಲಾಯಿ ಉಕ್ಕಿನ ಕಾರ್ಖಾನೆ, ಮಿಗ್ ವಿಮಾನಗಳು ಎಂದು ಒಡನಾಟ ಬೆಳೆದಂತೆ ನಮ್ಮ ಎಂಜಿನಿಯರರೂ ತಂತ್ರಜ್ಞರೂ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಿ ಬರುತ್ತಿದ್ದರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡ ‘ಆರ್ಯಭಟ’ ಉಪಗ್ರಹ 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ್ದು ಸೋವಿಯತ್ ನೆಲದಿಂದಲೇ. ಹಾಗೆ ಹೋಗಿ ಬಂದವರ ಪೆಟ್ಟಿಗೆಯಲ್ಲಿ ಒಂದು ಗೂಡುಬೊಂಬೆ, ಒಂದು ಉಣ್ಣೆಯ ಟೋಪಿ, ಒಂದು ಕ್ಯಾಮರಾ ಇರುವುದು ಆಶ್ಚರ್ಯವೇನಲ್ಲ. ನಮ್ಮ ಕತೆಯ ತಾತ ರಷ್ಯ ಕಂಡವರಲ್ಲ. ಪೂರ್ವ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. ಹೋಗಿ ಬಂದ ಸಹೋದ್ಯೋಗಿಯಿಂದ ಕಂತಿನಲ್ಲಿ ಕೊಂಡರು.

ಒಳಗೆ ಹಾಕುತ್ತಿದ್ದ ಫಿಲ್ಮು ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಆ ಕಾರ್ಖಾನೆ 1960ರಲ್ಲಿ ಸ್ಥಾಪಿತವಾದದ್ದು. ಈಗ ಅದರ ಉತ್ಪಾದನೆ ನಿಂತುಹೋಗಿದೆ. ಹೀಲಿಯಾಸ್ ಎಂದರೆ ಸೂರ್ಯ, ಇಂದು ಎಂದರೆ ಚಂದ್ರ. ಹಲಸೂರಿನ ಕೆರೆಯ ದಂಡೆಯಲ್ಲಿ ನಕ್ಕ ತರುಣಿಯೊಬ್ಬಳು ಸೂರ್ಯನ ಮೂಲಕ ಹಾಯ್ದು ಚಂದ್ರನ ಮೇಲೆ ಮೂಡಿದಳೆಂದು ಕವಿಗಳು ಬೇಕಾದರೆ ಹೇಳಿಕೊಳ್ಳಲಿ!

ಒಂದು ಮಿಲಿಮೀಟರಿನ ಗೋಡೆ

ಮೊಮ್ಮಗಳ ಅಣ್ಣನ ಬಳಿ ಒಂದು ನಿಕಾನ್ ಡಿಜಿಟಲ್ ಕ್ಯಾಮರಾ ಇದೆ; ಕನ್ನಡಿ ಇರುವ ಬಗೆಯದು. ಆಕೆ ಅಡಾಪ್ಟರ್ ಎಂಬ ಲೋಹದ ಬಳೆಯೊಂದನ್ನು ತರಿಸುತ್ತಾಳೆ. ಬಳೆಯ ಒಂದು ಬದಿ ಲೆನ್ಸಿನ ತಿರುಪಿಗೆ, ಇನ್ನೊಂದು ಬದಿ ಕ್ಯಾಮರಾದ ಬಾಯಿಗೆ. ಎಲ್ಲವೂ ಅಂದವಾಗಿ ಕೂಡಿಕೊಂಡಿತು. ಕುಂಡದ ಮಲ್ಲಿಗೆಯ ಮೊಗ್ಗನ್ನು ನೋಡಿದಳು; ಒಂದೊಂದು ಎಸಳೂ ಸ್ಪಷ್ಟ. ತಲೆ ಎತ್ತಿ ದೂರದ ಮೇಲ್ಸೇತುವೆಯನ್ನು ನೋಡಿದಳು. ಮಂಜು ಕವಿದಂತೆ ಎಲ್ಲವೂ ಮಸುಕು. ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೂ ಅಷ್ಟೇ. ತಾತನ ಲೆನ್ಸಿಗೆ ದೂರದೃಷ್ಟಿ ಹೋಯಿತೆ?

ದೋಷ ಲೆನ್ಸಿನದೂ ಅಲ್ಲ, ಕ್ಯಾಮರಾದ್ದೂ ಅಲ್ಲ. ದೂರದ ವಸ್ತುವಿನ ಬಿಂಬ ಲೆನ್ಸಿನ ಹಿಂದೆ ಒಂದೇ ಒಂದು ಗೊತ್ತಾದ ತಾಣದಲ್ಲಿ ಮೂಡುತ್ತದೆ. ಆದುದರಿಂದ ಲೆನ್ಸು ಕೂರುವ ಲೋಹದ ಮುಖದಿಂದ ಫಿಲ್ಮಿನವರೆಗಿನ ಅಂತರವನ್ನು ಪ್ರತಿಯೊಂದು ಬಗೆಯ ಕ್ಯಾಮರಾಕ್ಕೂ ನಿಗದಿ ಮಾಡಿರುತ್ತಾರೆ. ತಾತನ ಲೆನ್ಸಿನ ತಿರುಪು 42 ಮಿಲಿಮೀಟರು ಅಗಲದ್ದು. ಯುದ್ಧಾನಂತರ ಪೂರ್ವ ಜರ್ಮನಿಯಲ್ಲಿ ಹುಟ್ಟಿ, ಜಪಾನಿನ ಪೆಂಟಾಕ್ಸ್ ಕ್ಯಾಮರಾಗಳಿಂದ ಜಗತ್ತಿಗೆಲ್ಲ ಪರಿಚಿತವಾದ ತಿರುಪು ಅದು. ಅದಕ್ಕೆ ನಿಗದಿಯಾದ ಅಂತರ 45.46 ಮಿಲಿಮೀಟರು. ನಿಕಾನ್ ಸಂಸ್ಥೆ 1959ರಲ್ಲಿ ತನ್ನ ಕ್ಯಾಮರಾಗಳಿಗೆ ಗೊತ್ತುಮಾಡಿದ ಅಂತರ 46.5, ಕನ್ನಡಿಯ ಕ್ಯಾಮರಾಗಳಲ್ಲಿ ಅದನ್ನು ಇಂದಿನವರೆಗೂ ಬದಲಿಸಿಲ್ಲ. ವ್ಯತ್ಯಾಸ 1.04 ಮಿಲಿಮೀಟರು. ಹಳೆಯ ಲೆನ್ಸು ತಾನಿರಬೇಕಾದ ಜಾಗಕ್ಕಿಂತ ಅಷ್ಟು ಮುಂದೆ ನಿಂತುಬಿಟ್ಟಿದೆ.

ಒಂದು ಮಿಲಿಮೀಟರು ಯಾವ ಲೆಕ್ಕ ಎನ್ನುವವರು ಈ ಲೆಕ್ಕವನ್ನು ಮಾಡಿ ನೋಡಬೇಕು. ನಾಭಿದೂರ 58, ಅದರ ವರ್ಗ 3364. ಅದನ್ನು ತಪ್ಪಿದ ಅಂತರದಿಂದ, ಎಂದರೆ 1.04ರಿಂದ ಭಾಗಿಸಿದರೆ ಸುಮಾರು 3235 ಮಿಲಿಮೀಟರು ಬರುತ್ತದೆ. ಆ ಲೆನ್ಸು ಸ್ಪಷ್ಟವಾಗಿ ಕಾಣಬಲ್ಲ ಅತಿ ದೂರ ಅಷ್ಟೇ: ಮೂರುಕಾಲು ಮೀಟರು, ಹತ್ತೂವರೆ ಅಡಿ! ಅದರಾಚೆ ಚಂದ್ರನೂ ಇಲ್ಲ, ಚಾಮುಂಡಿ ಬೆಟ್ಟವೂ ಇಲ್ಲ. ಪಡಸಾಲೆಯ ಎದುರುಗೋಡೆಯೇ ಜಗತ್ತಿನ ಕೊನೆ. ತಪ್ಪು ಹತ್ತನೆಯ ಒಂದು ಮಿಲಿಮೀಟರಿಗೆ ಇಳಿದರೆ ಕಣ್ಣು ಮೂವತ್ತಮೂರು ಮೀಟರಿನವರೆಗೆ ಹೋಗುತ್ತದೆ. ಪೂರ್ತಿ ಸರಿಹೋದರೆ ಮಾತ್ರ ನಕ್ಷತ್ರಗಳು.

ಕ್ಯಾನನ್ ಸಂಸ್ಥೆಯ ಕನ್ನಡಿಯ ಕ್ಯಾಮರಾಗಳಲ್ಲಿ ಈ ಅಂತರ 44 ಮಿಲಿಮೀಟರು. ಅಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಜಾಗ ಉಳಿಯುವುದರಿಂದ ತೆಳ್ಳನೆಯ ಬಳೆಯೊಂದು ಸಾಕು. ಆದರೆ ದೊಡ್ಡ ಕನ್ನಡಿಯ ಕೆಲವು ಮಾದರಿಗಳಲ್ಲಿ ದೂರಕ್ಕೆ ಹೊಂದಿಸಿದಾಗ ಕನ್ನಡಿಯ ಅಂಚು ಲೆನ್ಸಿನ ಬೆನ್ನಿಗೆ ತಗಲುವ ಭಯವುಂಟು. ಪೆಂಟಾಕ್ಸಿನವರದೇ ಸುಖ, ಅವರು ತಿರುಪನ್ನು ಬಿಟ್ಟು ಹೊಸ ಬಾಯಿ ಮಾಡಿದಾಗಲೂ ಹಳೆಯ 45.46ನ್ನು ಉಳಿಸಿಕೊಂಡರು. ನಿಕಾನ್ ಇರುವವರಿಗಾಗಿ ನಡುವೆ ಸಣ್ಣ ಗಾಜೊಂದನ್ನು ಕೂರಿಸಿದ ಬಳೆಯನ್ನು ಮಾರುತ್ತಾರೆ. ಅದರಿಂದ ದೂರವೇನೋ ಕಾಣುತ್ತದೆ. ಆದರೆ ಆರು ಒಳ್ಳೆಯ ಗಾಜುಗಳ ಹಿಂದೆ ಏಳನೆಯದೊಂದು ಅಗ್ಗದ ಗಾಜನ್ನು ನಿಲ್ಲಿಸಿದಂತಾಯಿತು. ಒಳ್ಳೆಯ ಫಿಲ್ಟರ್ ಕಾಫಿಗೆ ನಲ್ಲಿನೀರು ಬೆರೆಸಿದಂತೆ!

ಲೇತಿನ ಮುಂದೆ

ಇನ್ನೂ ಒಂದು ಉಪಾಯವುಂಟು. ಇಡೀ ವಿಷಯದಲ್ಲಿ ಎದೆ ಝಲ್ಲೆನ್ನುವುದು ಇಲ್ಲಿಯೇ. ಲೆನ್ಸಿನ ಹಿಂಬದಿಯ ಲೋಹವನ್ನು ಲೇತಿನಲ್ಲಿ ಒಂದು ಮಿಲಿಮೀಟರಿನಷ್ಟು ಕಡಿದುಬಿಟ್ಟರೆ, ಅದು ಅಷ್ಟು ಒಳಕ್ಕೆ ಸರಿದು ಕೂರುತ್ತದೆ. ಹೀಗೆ ಮಾಡಿಕೊಂಡವರು ಲೋಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಕೆಲವರು ಎಮರಿ ಕಾಗದದ ಮೇಲೆ ಉಜ್ಜಿಯೂ ನೋಡುತ್ತಾರೆ.

ಪೂರ್ವ ಬೆಂಗಳೂರಿನಲ್ಲಿ ಲೇತಿಗೇನು ಬರ? 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ. ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಆ ಕಾರ್ಖಾನೆಗಳು ಒಂದು ಇಡೀ ತಲೆಮಾರಿಗೆ ಕೂದಲೆಳೆಯ ಅಳತೆಯನ್ನು ಕಲಿಸಿದವು. ಎನ್.ಜಿ.ಇ.ಎಫ್. ಬಾಗಿಲು ಹಾಕಿ ಎರಡು ದಶಕಗಳು ಕಳೆದಿವೆ. ಆದರೆ ಮೈಕ್ರೊಮೀಟರನ್ನು ತಿರುಗಿಸಿ ಬೆರಳ ತುದಿಯಲ್ಲೇ ನೂರನೆಯ ಒಂದು ಮಿಲಿಮೀಟರನ್ನು ಗುರುತಿಸುವ ಹಿರಿಯರು ಈ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ.

ಮೊಮ್ಮಗಳು ಅಂತಹ ಒಬ್ಬರ ಬಳಿ ಲೆನ್ಸನ್ನು ಒಯ್ದಳೆಂದು ಇಟ್ಟುಕೊಳ್ಳೋಣ. ತಾತನೊಡನೆ ಒಂದೇ ಪಾಳಿಯಲ್ಲಿ ದುಡಿದವರು. ಈಗ ಮಗನ ಸಣ್ಣ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು, ಮನಸ್ಸು ಬಂದಾಗ ಕೆಲಸ ಮಾಡುತ್ತಾರೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ ಲೆನ್ಸಿನ ಉಂಗುರವನ್ನು ಮೆಲ್ಲನೆ ತಿರುಗಿಸಿದರು. ಅದು ಮುಂದಕ್ಕೂ ಹಿಂದಕ್ಕೂ ಸಾಗುವುದನ್ನು ನೋಡಿದರು. ತಿರುಪಿನ ಮೇಲೆ ಉಗುರಾಡಿಸಿದರು.

“ಯಾರಮ್ಮಾ ಮಾಡಿದ್ದು ಇದನ್ನ?”

“ರಷ್ಯದ್ದು ತಾತ.”

“ಕೆಲಸಗಾರ ಒಳ್ಳೆಯವನು. ನೋಡು, ಐವತ್ತು ವರ್ಷ ಆಗ್ತಾ ಬಂತು, ಒಂದಿಷ್ಟು ಅಲುಗಾಟ ಇಲ್ಲ.”

“ಹಿಂದುಗಡೆ ಒಂದು ಮಿಲಿಮೀಟರ್ ತೆಗೀಬೇಕಂತೆ.”

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೇ ಕೊಟ್ಟರು.

“ತೆಗೆಯೋಕೆ ಐದು ನಿಮಿಷ ಸಾಕು ಮಗು. ತೆಗೆದದ್ದನ್ನ ಮತ್ತೆ ಹಾಕೋಕೆ ನನ್ನ ಕೈಲಾಗಲ್ಲ. ಬಳೆ ಬೇಕಾದ್ರೆ ಹೇಳು, ಎಷ್ಟು ಬೇಕಾದ್ರೂ ಮಾಡಿಕೊಡ್ತೀನಿ. ಕೆಟ್ಟರೆ ಬಿಸಾಕಿ ಇನ್ನೊಂದು ಮಾಡೋಣ. ನಿಮ್ಮ ತಾತನ ಸಾಮಾನಿಗೆ ನಾನು ಟೂಲ್ ಹಚ್ಚಲ್ಲ.”

ಹಿರಿಯರ ಈ ಹಟ ಭಾವುಕತೆಯೆಂದು ತೋರಬಹುದು. ಆದರೆ ಅದರಲ್ಲಿ ವಿವೇಕವೇ ಹೆಚ್ಚು. ಇಂದಿನ ಕ್ಯಾಮರಾದ ಆಯುಸ್ಸು ಎಷ್ಟು? ಅಣ್ಣನ ಕ್ಯಾಮರಾ ಕೆಲವೇ ವರ್ಷಗಳಲ್ಲಿ ಮೂಲೆ ಸೇರುತ್ತದೆ. ಅದರ ಅಳತೆಗೆಂದು ಕಡಿದ ಲೆನ್ಸು ಮುಂದೆ ಯಾವ ಕ್ಯಾಮರಾಕ್ಕೂ ಸರಿಯಾಗಿ ಒಗ್ಗದು. ಅದರ ಮೇಲಿನ ದೂರದ ಗುರುತುಗಳೆಲ್ಲ ಸುಳ್ಳಾಗುತ್ತವೆ. ಅಲ್ಪಾಯುವಿಗಾಗಿ ದೀರ್ಘಾಯುವನ್ನು ಕತ್ತರಿಸಿದಂತೆ. ಹೀಲಿಯಾಸ್ ಲಕ್ಷಗಟ್ಟಲೆ ತಯಾರಾದ ಲೆನ್ಸು, ಒಂದು ಹೋದರೆ ಇನ್ನೊಂದು ಎನ್ನುವವರ ಮಾತೂ ಸುಳ್ಳಲ್ಲ. ಹಲಸೂರು ಕೆರೆಯ ದಂಡೆಯಲ್ಲಿ ಅಂದು ಇದ್ದದ್ದು ಮಾತ್ರ ಇದೊಂದೇ.

ಕನ್ನಡಿ ಹೋದ ಮೇಲೆ

ಅದೃಷ್ಟಕ್ಕೆ ಕಾಲವೇ ಒಂದು ದಾರಿಯನ್ನು ತೆರೆದಿತ್ತು. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಒಂದು ವಿನೂತನ ಕ್ಯಾಮರಾವನ್ನು ಹೊರತಂದಿತು. ಲೆನ್ಸು ಬದಲಿಸಬಹುದು, ಆದರೆ ಒಳಗೆ ಕನ್ನಡಿ ಇಲ್ಲ! 2010ರಲ್ಲಿ ಸೋನಿ, ಆಮೇಲೆ ಫ್ಯೂಜಿ, 2018ರಿಂದ ನಿಕಾನ್ ಮತ್ತು ಕ್ಯಾನನ್ ಸಂಸ್ಥೆಗಳ ದೊಡ್ಡ ಕ್ಯಾಮರಾಗಳೂ ಇದೇ ಹಾದಿ ಹಿಡಿದವು. ಕನ್ನಡಿ ಕುಣಿಯಲು ಜಾಗ ಬೇಡವಾದ ಮೇಲೆ ಕ್ಯಾಮರಾದ ಹೊಟ್ಟೆ ತೆಳ್ಳಗಾಯಿತು. ಸೋನಿಯದರಲ್ಲಿ ಅಂತರ ಕೇವಲ 18 ಮಿಲಿಮೀಟರು; ಫ್ಯೂಜಿಯದರಲ್ಲಿ 17.7, ನಿಕಾನಿನ ಹೊಸದರಲ್ಲಿ 16, ಕ್ಯಾನನಿನದರಲ್ಲಿ 20. ಇಲ್ಲಿ ಲೆನ್ಸು ಮುಂದೆ ನಿಲ್ಲುವ ಮಾತೇ ಇಲ್ಲ. ಉಳಿದ ದೂರವನ್ನು ಗಾಜೇ ಇಲ್ಲದ ಟೊಳ್ಳು ಕೊಳವೆಯೊಂದರಿಂದ ತುಂಬಿದರೆ ತೀರಿತು. 45.46ರಲ್ಲಿ 18 ಕಳೆದರೆ 27.46, ಅಷ್ಟುದ್ದದ ಕೊಳವೆ. ಕೆಲವು ನೂರು ರೂಪಾಯಿಗಳಿಗೂ ಅದು ಸಿಗುತ್ತದೆ. ಹೊಸ ತಂತ್ರವಿದ್ಯೆ ಹಳೆಯದನ್ನು ಮೂಲೆಗೆ ತಳ್ಳುವುದನ್ನೇ ಕಂಡಿರುವ ನಮಗೆ, ಹೊಸದೊಂದು ಬಂದು ಅರ್ಧ ಶತಮಾನದ ಹಳೆಯ ಗಾಜುಗಳನ್ನೆಲ್ಲ ಅಟ್ಟದಿಂದ ಇಳಿಸಿದ್ದು ಸೋಜಿಗವೇ ಸರಿ.

ಆದರೂ ಕೊಳ್ಳುವವರು ಎಡವುವ ಜಾಗಗಳಿವೆ. ಸೋವಿಯತ್ ಲೆನ್ಸುಗಳಲ್ಲಿ 39 ಮಿಲಿಮೀಟರು ತಿರುಪಿನವು ಎರಡು ಜಾತಿ. ಫೆಡ್ ಮತ್ತು ಜೋರ್ಕಿ ಕ್ಯಾಮರಾಗಳಿಗೆಂದು ಮಾಡಿದವಕ್ಕೆ ಬೇಕಾದ ಅಂತರ 28.8 ಮಿಲಿಮೀಟರು, ಮೊದಮೊದಲಿನ ಜೆನಿತ್ ಕ್ಯಾಮರಾಗಳವಕ್ಕೆ 45.2. ಹೊರನೋಟಕ್ಕೆ ತಿರುಪು ಒಂದೇ. ಒಂದರ ಬಳೆಯನ್ನು ಇನ್ನೊಂದಕ್ಕೆ ಹಾಕಿದರೆ ತಿರುಪು ಸಲೀಸಾಗಿ ಕೂರುತ್ತದೆ. ಚಿತ್ರ ಮಾತ್ರ ಬಾರದು. ಅವಳಿ ಮಕ್ಕಳಂತೆ ಕಾಣುವ ಇವನ್ನು ಯಾವ ಕ್ಯಾಮರಾದಿಂದ ಬಂದವು ಎಂದು ವಿಚಾರಿಸಿಯೇ ಕೊಳ್ಳಬೇಕು. ಮೊದಲ ಜಾತಿಯವನ್ನು ಕನ್ನಡಿಯ ಕ್ಯಾಮರಾಗಳಿಗೆ ಹಾಕುವ ಆಸೆಯನ್ನೇ ಬಿಡಬೇಕು. ಅವುಗಳಲ್ಲಿ ಜ್ಯೂಪಿಟರ್-12ರ ಬೆನ್ನಿನ ಗಾಜು ಗೂನಿನಂತೆ ಬಹಳ ಹಿಂದಕ್ಕೆ ಚಾಚಿಕೊಂಡಿದೆ. ಕನ್ನಡಿ ಇಲ್ಲದ ಕ್ಯಾಮರಾದಲ್ಲೂ ಒಳಗೆ ಏನಾದರೂ ತಗಲೀತೆ ಎಂದು ನೋಡಿಕೊಂಡೇ ಹಾಕುವುದು ಕ್ಷೇಮ. ಕೀವ್ ಕ್ಯಾಮರಾದ ಲೆನ್ಸುಗಳದು ಇನ್ನೊಂದು ಪೇಚು: ದೂರ ಹೊಂದಿಸುವ ತಿರುಪು ಕ್ಯಾಮರಾದಲ್ಲಿತ್ತೇ ಹೊರತು ಅದರ 50 ಮಿಲಿಮೀಟರಿನ ಲೆನ್ಸಿನಲ್ಲಿರಲಿಲ್ಲ. ಅದಕ್ಕೆ ತಿರುಪು ಸಹಿತವಾದ, ದುಬಾರಿಯಾದ ಬಳೆಯೇ ಬೇಕು.

ಹೀಲಿಯಾಸಿನ ತಮ್ಮಂದಿರಾದ 44ಎಂ ಮೊದಲಾದವುಗಳ ಬೆನ್ನಿನಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ. ಅದನ್ನು ಒತ್ತಿದರೆ ಮಾತ್ರ ಬೆಳಕಿನ ಕಿಂಡಿ ಕಿರಿದಾಗುತ್ತದೆ. ಹಲವು ಮಾದರಿಗಳಲ್ಲಿ ಅದಕ್ಕೆ ಬೇರೆ ಕೀಲಿಯೂ ಇಲ್ಲ. ಅಂಥವಕ್ಕೆ ಮೊಳೆಯನ್ನು ಒತ್ತಿ ಹಿಡಿಯುವ ಒಳ ಅಂಚಿರುವ ಬಳೆಯನ್ನೇ ಕೇಳಿ ಪಡೆಯಬೇಕು. ತಾತನ 44-2ರಲ್ಲಿ ಈ ರಗಳೆ ಇಲ್ಲ. ಎರಡು ಉಂಗುರಗಳು, ಕೈಯಿಂದಲೇ ತೆರೆ, ಕೈಯಿಂದಲೇ ಮುಚ್ಚು.

ಬೂಷ್ಟು ಮತ್ತು ಗ್ರೀಸು

ಅಟ್ಟದಿಂದ ಇಳಿಸಿದ ಲೆನ್ಸಿನೊಳಗೆ ಟಾರ್ಚಿನ ಬೆಳಕನ್ನು ಹಾಯಿಸಿ ಓರೆಯಾಗಿ ನೋಡಬೇಕು. ಜೇಡನ ಬಲೆಯಂತಹ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಮಂಗಳೂರು, ಕಾರವಾರಗಳಲ್ಲಿ ಇದು ಮನೆಮನೆಯ ಶತ್ರು; ಬೆಂಗಳೂರಿನ ಮಳೆಗಾಲವೂ ಇದಕ್ಕೆ ಸಾಕಷ್ಟು ಆತಿಥ್ಯ ನೀಡುತ್ತದೆ. ಬೇಗ ಕಂಡುಕೊಂಡರೆ ಬಲ್ಲವರು ಬಿಚ್ಚಿ ಒರೆಸಿ ತೆಗೆಯುತ್ತಾರೆ. ತಡವಾದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗದು. ಅಂದದ ಚರ್ಮದ ಚೀಲವೇ ಇದರ ತವರು. ಚರ್ಮ ತೇವವನ್ನು ಹಿಡಿದಿಡುತ್ತದೆ. ಚೀಲವನ್ನು ಬೇಕಾದರೆ ಷೋಕೇಸಿನಲ್ಲಿಡಿ. ಲೆನ್ಸನ್ನು ಮಾತ್ರ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬೀರುವಿನ ರೇಷ್ಮೆ ಸೀರೆಗಳ ಜೊತೆಗೆ, ನುಸಿಗುಳಿಗೆಯ ನೆರೆಯಲ್ಲಿ ಇಡುವುದು ಬೇಡ.

ಇನ್ನೊಂದು ಕಾಯಿಲೆ ಗ್ರೀಸಿನದು. ದಶಕಗಳು ಕಳೆದಂತೆ ಅದು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಉಂಗುರ ತಿರುಗುವುದೇ ಇಲ್ಲ. ಬಿಚ್ಚಿ ಹಳೆಯದನ್ನು ತೊಳೆದು ಹೊಸದನ್ನು ಹಚ್ಚಬಹುದು. ಕೆಲಸ ಸುಲಭವೆಂದು ತೋರುತ್ತದೆ, ಮತ್ತೆ ಜೋಡಿಸುವವರೆಗೆ! ಆ ತಿರುಪಿಗೆ ಒಂದಲ್ಲ, ಹಲವು ಆರಂಭದ ಬಾಯಿಗಳಿವೆ. ಯಾವ ಬಾಯಿಯಲ್ಲಿ ಬಿಚ್ಚಿಕೊಂಡಿತೋ ಅದೇ ಬಾಯಿಯಲ್ಲಿ ಸೇರಿಸದಿದ್ದರೆ ದೂರದೃಷ್ಟಿ ಮತ್ತೆ ಹೋಯಿತೆಂದೇ ಲೆಕ್ಕ. ತಿರುಪು ಕಳಚಿಕೊಳ್ಳುವ ಆ ಒಂದು ಕ್ಷಣದಲ್ಲಿ ಸೂಜಿಯಿಂದ ಎರಡೂ ಭಾಗಗಳ ಮೇಲೆ ಗೆರೆ ಎಳೆದುಕೊಳ್ಳಬೇಕು. ಈ ಒಂದು ಗೆರೆಯನ್ನು ಮರೆತು ಇಡೀ ಭಾನುವಾರವನ್ನು ಕಳೆದುಕೊಳ್ಳುವುದು ಬಹು ಸುಲಭ.

ಆ ಗಾಜು ಕಾಣುವ ರೀತಿ

ಇಷ್ಟೆಲ್ಲ ಪಾಡುಪಟ್ಟು ಪಡೆಯುವುದೇನು? ಚುರುಕುತನದಲ್ಲಿ ಇಂದಿನ ಲೆನ್ಸಿಗೆ ಇದು ಸಮನಲ್ಲ. ತಾನಾಗಿ ದೂರ ಹೊಂದಿಸಿಕೊಳ್ಳದು. ಓಡುವ ಮಗುವನ್ನು ಹಿಡಿಯಲು ಹೊರಟರೆ ಮಗು ಮನೆ ದಾಟಿರುತ್ತದೆ. ಸೂರ್ಯನಿಗೆ ಎದುರಾಗಿ ಹಿಡಿದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಬಿಳಿಚುತ್ತದೆ. ಹೆಸರೇನೋ ಸೂರ್ಯದೇವನದು!

ಆದರೆ ಕಿಂಡಿಯನ್ನು ಪೂರ್ತಿ ತೆರೆದು, ಹತ್ತಿರದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಹಿಂದೆ ಎಲೆಗಳ ಸಂದಿನಿಂದ ಬೆಳಕು ಇಣುಕುವಂತೆ ನೋಡಿದರೆ ಇದರ ಮಹಿಮೆ ತಿಳಿಯುತ್ತದೆ. ಹಿನ್ನೆಲೆಯ ಬೆಳಕಿನ ಚುಕ್ಕೆಗಳು ನಡುವೆ ದುಂಡಗೆ, ಅಂಚಿಗೆ ಹೋದಂತೆ ನಿಂಬೆಹಣ್ಣಿನ ಆಕಾರದಲ್ಲಿ ಓರೆಯಾಗಿ, ನಿಂತವರ ಸುತ್ತ ಸುಳಿಯಂತೆ ತಿರುಗುತ್ತವೆ. ಓರೆಯಾಗಿ ಬರುವ ಬೆಳಕಿನ ಒಂದು ಭಾಗವನ್ನು ಲೆನ್ಸಿನ ಅಂಚುಗಳು ತಡೆಯುವುದೂ, ಬಿಂಬ ಚಪ್ಪಟೆಯಾಗಿ ಬೀಳದೆ ಬಟ್ಟಲಿನಂತೆ ಬಾಗಿ ಬೀಳುವುದೂ ಇದಕ್ಕೆ ಕಾರಣ. ಗಣಿತದ ದೃಷ್ಟಿಯಲ್ಲಿ ಇವು ದೋಷಗಳು. ಲೆನ್ಸು ಕಟ್ಟುವವರು ಆಮೇಲೆ ಶ್ರಮಪಟ್ಟು ಇವನ್ನು ನಿವಾರಿಸಿದರು. ಇಂದಿನವರು ಅದೇ ದೋಷವನ್ನು ಹುಡುಕಿಕೊಂಡು ಬಂದಿದ್ದಾರೆ. ಸುಳಿಯೊಂದನ್ನೇ ಬೆನ್ನಟ್ಟಿ, ಪ್ರತಿ ಚಿತ್ರದಲ್ಲೂ ಗಿಡದ ಮುಂದೆ ಒಬ್ಬರನ್ನು ನಿಲ್ಲಿಸುವ ಹುಚ್ಚು ಬೇಗ ಸಾಕೆನಿಸುತ್ತದೆ. ಈ ಗಾಜಿನ ನಿಜವಾದ ಗುಣ ಮುಖದ ಮೇಲಿನ ಮೃದುತ್ವದಲ್ಲಿದೆ. ಕಣ್ಣಿನ ರೆಪ್ಪೆ ಸ್ಪಷ್ಟ, ಆದರೆ ಚರ್ಮದ ಸುಕ್ಕುಗಳ ಮೇಲೆ ಕ್ರೌರ್ಯವಿಲ್ಲ.

ಮೊಮ್ಮಗಳು ತನ್ನ ಮೊದಲ ಸಂಬಳಗಳಿಂದ ಉಳಿಸಿ, ಕನ್ನಡಿ ಇಲ್ಲದ ಸೋನಿ ಕ್ಯಾಮರಾವೊಂದನ್ನು ಬಳಸಿದ್ದನ್ನೇ ಕೊಂಡಳು. ಅದರ ಬಿಂಬಫಲಕ ಫಿಲ್ಮಿಗಿಂತ ಚಿಕ್ಕದು; ಆದ್ದರಿಂದ 58 ಮಿಲಿಮೀಟರಿನ ಲೆನ್ಸು ಅಲ್ಲಿ 87ರಂತೆ ಹತ್ತಿರ ತೋರಿಸುತ್ತದೆ; ಅಂಚಿನ ಸುಳಿ ಕಡಿಮೆಯಾಗುತ್ತದೆ. ಮುಖಚಿತ್ರಕ್ಕೆ ಅದು ಅನುಕೂಲವೇ. ಲೆನ್ಸೇ ಇಲ್ಲವೆಂದು ಹಟಮಾಡುವ ಕ್ಯಾಮರಾಕ್ಕೆ, ಲೆನ್ಸಿಲ್ಲದಿದ್ದರೂ ಶಟರ್ ತೆರೆ ಎಂದು ಪಟ್ಟಿಯಲ್ಲಿ ಆಜ್ಞೆ ಕೊಟ್ಟಳು. ಕೊಳವೆಯನ್ನು ಕೊಂಡದ್ದಲ್ಲ, ಶೆಡ್ಡಿನ ಹಿರಿಯರು ಮಾತು ಉಳಿಸಿಕೊಂಡಿದ್ದರು. ಹಾಳಾದ ಅಗ್ಗದ ಬಳೆಯೊಂದರ ಬಾಯಿಯನ್ನೂ ಒಂದು ಅಲ್ಯೂಮಿನಿಯಂ ತುಂಡನ್ನೂ ಕೂಡಿಸಿ, ಮೂರು ಬಾರಿ ಅಳೆದು, 27.46ಕ್ಕೆ ಇಳಿಸಿ ಕೊಟ್ಟರು. ಕೂಲಿ ಎಷ್ಟೆಂದರೆ, “ಮೊದಲನೇ ಫೋಟೋ ತೋರಿಸು” ಎಂದರಷ್ಟೆ.

ಅಜ್ಜಿ ಬೆಳಗಿನ ಬಿಸಿಲಿಗೆ ಕಿಟಕಿಯ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮೊಮ್ಮಗಳು ಎದುರು ಮಣೆಯ ಮೇಲೆ ಕೂತು, ಉಂಗುರವನ್ನು ಮೆಲ್ಲಮೆಲ್ಲನೆ ತಿರುಗಿಸಿದಳು. ಪರದೆಯ ಮೇಲೆ ಮಸುಕಿನಿಂದ ಒಂದು ಮುಖ ಎದ್ದು ಬಂದಿತು.

“ಅಜ್ಜಿ, ಒಂದ್ಸಲ ಈ ಕಡೆ ನೋಡಿ.”

ಅಜ್ಜಿ ನೋಡಿದರು. ಲೆನ್ಸಿನ ಗುರುತು ಹಿಡಿದರು. ಅವರೆಕಾಯನ್ನು ಬುಟ್ಟಿಗೆ ಹಾಕಿ ಸೆರಗನ್ನು ಸರಿಮಾಡಿಕೊಂಡರು.

“ನಿಮ್ಮ ತಾತ ಬಹಳ ಹೊತ್ತು ತಗೋತಿದ್ರು ಕಣೆ, ಇದನ್ನ ತಿರುಗಿಸ್ತಾ. ನಿಂತು ನಿಂತು ಕಾಲು ನೋಯೋದು ನನಗೆ.”

“ನಾನೂ ತಗೋತೀನಿ ಅಜ್ಜಿ. ನೀವು ಕೂತೇ ಇರಿ.”